ಕಚೇರಿಗಳಲ್ಲಿ ಖಾಸಗಿ ದೂರವಾಣಿ ವಿನಿಮಯ ಕೇಂದ್ರದ ಅಳವಡಿಕೆ ಮತ್ತು ತಂತಿಜೋಡಣೆ: ಧಾರವಾಡ ಜಿಲ್ಲೆಯ ಗ್ರಾಮೀಣ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಮತ್ತು ಅಣ್ಣಿಗೇರಿ ತಾಲ್ಲೂಕುಗಳಲ್ಲಿನ ಸಹಕಾರ ಸಂಘಗಳು, ಶಿಕ್ಷಣ ಸಂಸ್ಥೆಗಳು, ಆಸ್ಪತ್ರೆಗಳು, ಹತ್ತಿ ಜಿನ್ನಿಂಗ್ ಕಾರ್ಖಾನೆಗಳು ಹಾಗೂ ವ್ಯಾಪಾರ ಸಂಸ್ಥೆಗಳು ತಮ್ಮ ಕಚೇರಿಯಲ್ಲಿ ಖಾಸಗಿ ದೂರವಾಣಿ ವಿನಿಮಯ ಕೇಂದ್ರವನ್ನು ಅಳವಡಿಸಿಕೊಳ್ಳುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಸಾಮಾನ್ಯವಾಗಿ ಇಪಿಎಬಿಎಕ್ಸ್ ಅಥವಾ ಇಂಟರ್‌ಕಾಮ್ ಎಂದು ಕರೆಯಲ್ಪಡುವ ಈ ವ್ಯವಸ್ಥೆಯನ್ನು ಕೊಳ್ಳುವಾಗ ಅರ್ಜಿದಾರರು ಯಂತ್ರದ ಸೌಲಭ್ಯಗಳ ಪಟ್ಟಿಗೆ ಹೆಚ್ಚು ಗಮನ ಕೊಡುವುದು ಕಂಡುಬರುತ್ತದೆ. ಆದರೆ ವ್ಯವಸ್ಥೆಯು ವರ್ಷಾನುಗಟ್ಟಲೆ ಸರಿಯಾಗಿ ನಡೆಯುವುದು ಒಳತಂತಿ, ಭೂಸಂಪರ್ಕ ಮತ್ತು ಬ್ಯಾಟರಿ ಈ ಮೂರರಿಂದ. ಈ ಮೂರೂ ಕಚೇರಿಯ ಸ್ವಂತ ಹೊಣೆಯಾಗಿರುತ್ತವೆ ಎಂಬುದನ್ನು ಅರ್ಜಿದಾರರು ಆರಂಭದಲ್ಲಿಯೇ ಮನಗಾಣುವುದು ಅವಶ್ಯ.

2. ವ್ಯವಸ್ಥೆಯ ಪರಿಚಯ

ಸೇವಾದಾತರಿಂದ ಬರುವ ದೂರವಾಣಿ ಸಂಪರ್ಕಗಳನ್ನು ಈ ಪುಟದಲ್ಲಿ ಹೊರಮಾರ್ಗಗಳೆಂದೂ, ಕಚೇರಿಯ ಕೊಠಡಿಗಳಿಗೆ ಹೋಗುವ ಸಂಪರ್ಕಗಳನ್ನು ಎಕ್ಸ್‌ಟೆನ್ಷನ್‌ಗಳೆಂದೂ ಕರೆಯಲಾಗಿದೆ. ಕೆಲವೇ ಹೊರಮಾರ್ಗಗಳನ್ನು ಅನೇಕ ಎಕ್ಸ್‌ಟೆನ್ಷನ್‌ಗಳು ಹಂಚಿಕೊಳ್ಳುವಂತೆ ಮಾಡುವುದು ವಿನಿಮಯ ಕೇಂದ್ರದ ಕೆಲಸ. ಕಚೇರಿಯ ಒಳಗಿನ ಕರೆಗಳು ಹೊರಮಾರ್ಗವನ್ನು ಬಳಸುವುದಿಲ್ಲ; ಆದ್ದರಿಂದ ಅವುಗಳಿಗೆ ಶುಲ್ಕವಿರುವುದಿಲ್ಲ.

ವ್ಯವಸ್ಥೆಯ ಮುಖ್ಯ ಭಾಗಗಳು ಈ ಕೆಳಕಂಡಂತಿವೆ:

(ಅ) ವಿನಿಮಯ ಕೇಂದ್ರದ ಪೆಟ್ಟಿಗೆ.
(ಆ) ಮುಖ್ಯ ವಿತರಣಾ ಚೌಕಟ್ಟು, ಅಂದರೆ ಎಂಡಿಎಫ್. ಹೊರಗಿನ ತಂತಿಗಳೂ ಯಂತ್ರದ ತಂತಿಗಳೂ ಸೇರುವ ಸ್ಥಳವಿದು.
(ಇ) ಕೊಠಡಿಗಳಿಗೆ ಹೋಗುವ ಜೋಡಿತಂತಿ ಕೇಬಲ್‌ಗಳು ಮತ್ತು ಗೋಡೆಯ ಸಾಕೆಟ್‌ಗಳು.
(ಈ) ಭೂಸಂಪರ್ಕ ಹಾಗೂ ಸಿಡಿಲು ರಕ್ಷಕಗಳು.
(ಉ) ಬ್ಯಾಟರಿ ಮತ್ತು ಚಾರ್ಜರ್ ಅಥವಾ ಇನ್ವರ್ಟರ್.
(ಊ) ಹೊರಮಾರ್ಗವು ಫೈಬರ್ ಆಗಿದ್ದಲ್ಲಿ, ಬೆಳಕಿನ ಸಂಕೇತವನ್ನು ದೂರವಾಣಿ ಸಂಕೇತವಾಗಿ ಪರಿವರ್ತಿಸುವ ಒಎನ್‌ಟಿ ಸಾಧನ.

3. ಹಿನ್ನೆಲೆ ಮತ್ತು ಈಚಿನ ಬದಲಾವಣೆ

ಕೇಂದ್ರ ಸರ್ಕಾರವು 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆಯು ಮೊದಲು ಸಿದ್ಧಪಡಿಸಿದ ಯಂತ್ರಗಳಲ್ಲಿ 128 ಸಂಪರ್ಕ ಸಾಮರ್ಥ್ಯದ ಕಚೇರಿ ವಿನಿಮಯ ಕೇಂದ್ರವೂ ಒಂದು. ಅದೇ ವಿನ್ಯಾಸವನ್ನು ಆಧರಿಸಿ ಹಳ್ಳಿಗಳಿಗಾಗಿ ರೂಪಿಸಿದ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು ಮೊದಲಿಗೆ 1986ರಲ್ಲಿ, ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಮೇಲಿನ ಕಿತ್ತೂರಿನಲ್ಲಿ ಆರಂಭಿಸಲಾಯಿತು. ಹವಾನಿಯಂತ್ರಣವಿಲ್ಲದ ಕೊಠಡಿಯಲ್ಲಿ, ಧೂಳು ಮತ್ತು ಬಿಸಿಲನ್ನು ತಾಳಿಕೊಂಡು ನಡೆಯಬೇಕೆಂಬುದು ಅದರ ವಿನ್ಯಾಸದ ಉದ್ದೇಶವಾಗಿತ್ತು.

ತಾಮ್ರದ ತಂತಿಯ ಕಾಲದಲ್ಲಿ ಚಂದಾದಾರರ ದೂರವಾಣಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ದೂರವಾಣಿ ಕೇಂದ್ರದ ಬ್ಯಾಟರಿಯಿಂದ ಅದೇ ತಂತಿಯ ಮೂಲಕ ಬರುತ್ತಿತ್ತು. ಊರಿನಲ್ಲಿ ವಿದ್ಯುತ್ ಹೋದರೂ ದೂರವಾಣಿ ನಡೆಯುತ್ತಿದ್ದುದು ಈ ಕಾರಣದಿಂದ. ಈಗ ಬಿಎಸ್‌ಎನ್‌ಎಲ್ ಸಂಸ್ಥೆಯು ತಾಮ್ರದ ಸಂಪರ್ಕಗಳನ್ನು ಹಂತ ಹಂತವಾಗಿ ಫೈಬರ್‌ಗೆ ಬದಲಾಯಿಸುತ್ತಿದೆ. ಇತರ ಸೇವಾದಾತರೂ ಸ್ಥಿರ ದೂರವಾಣಿಯನ್ನು ಹೆಚ್ಚಾಗಿ ಫೈಬರ್ ಮೂಲಕವೇ ಒದಗಿಸುತ್ತಿದ್ದಾರೆ. ಫೈಬರ್ ಬೆಳಕನ್ನು ಮಾತ್ರ ಒಯ್ಯುತ್ತದೆ, ವಿದ್ಯುತ್ತನ್ನು ಒಯ್ಯುವುದಿಲ್ಲ. ಆದ್ದರಿಂದ ಕಚೇರಿಯಲ್ಲಿ ವಿದ್ಯುತ್ ಹೋದೊಡನೆ ಒಎನ್‌ಟಿ ನಿಲ್ಲುತ್ತದೆ ಹಾಗೂ ಹೊರಗಿನ ಕರೆಗಳೆಲ್ಲವೂ ನಿಲ್ಲುತ್ತವೆ. ಹಿಂದೆ ದೂರವಾಣಿ ಇಲಾಖೆಯು ಹೊತ್ತಿದ್ದ ಈ ಹೊಣೆಯು ಈಗ ಚಂದಾದಾರರ ಮೇಲಿದೆ. ಮಳೆಗಾಲದ ರಾತ್ರಿ ಆಸ್ಪತ್ರೆಯಿಂದಲೋ ವಿದ್ಯಾರ್ಥಿನಿಲಯದಿಂದಲೋ ಆಂಬ್ಯುಲೆನ್ಸ್‌ಗೆ ಮಾಡಬೇಕಾದ ಕರೆ ಹೋಗುವುದೂ ಹೋಗದಿರುವುದೂ ಈ ಒಂದು ವಿಷಯವನ್ನು ಅವಲಂಬಿಸಿರುತ್ತದೆ.

4. ಹೊರಮಾರ್ಗಗಳ ಸಂಖ್ಯೆಯನ್ನು ನಿರ್ಧರಿಸುವುದು

ಎಕ್ಸ್‌ಟೆನ್ಷನ್‌ಗಳ ಸಂಖ್ಯೆಯು ಕೊಠಡಿಗಳ ಸಂಖ್ಯೆಯನ್ನು ಅನುಸರಿಸುತ್ತದೆ. ಹೊರಮಾರ್ಗಗಳ ಸಂಖ್ಯೆಯನ್ನು ಮಾತ್ರ ಲೆಕ್ಕ ಹಾಕಿ ನಿರ್ಧರಿಸಬೇಕು. ಇದಕ್ಕೆ ಡೆನ್ಮಾರ್ಕ್‌ನ ಗಣಿತಜ್ಞ ಎ.ಕೆ. ಎರ್ಲಾಂಗ್ ಅವರು 1917ರಲ್ಲಿ ಪ್ರಕಟಿಸಿದ ಸೂತ್ರವು ಇಂದಿಗೂ ಬಳಕೆಯಲ್ಲಿದೆ.

ಉದಾಹರಣೆಗೆ: ಒಂದು ಕಚೇರಿಯಲ್ಲಿ ಅತ್ಯಂತ ಹೆಚ್ಚು ಕೆಲಸವಿರುವ ಒಂದು ಗಂಟೆಯಲ್ಲಿ ಒಳಬರುವ ಮತ್ತು ಹೊರಹೋಗುವ ಕರೆಗಳು ಸೇರಿ 20 ಕರೆಗಳಿದ್ದು, ಪ್ರತಿ ಕರೆಯು ಸರಾಸರಿ 3 ನಿಮಿಷ ನಡೆಯುವುದೆಂದು ಇಟ್ಟುಕೊಳ್ಳಿ. ಒಟ್ಟು 60 ನಿಮಿಷಗಳ ಮಾತು, ಅಂದರೆ ಒಂದು ಎರ್ಲಾಂಗ್ ಸಂಚಾರ. ಆಗ:

- 2 ಹೊರಮಾರ್ಗಗಳಿದ್ದಲ್ಲಿ 100 ಕರೆಗಳಲ್ಲಿ ಸುಮಾರು 20 ಕರೆಗಳಿಗೆ ಮಾರ್ಗ ದೊರೆಯುವುದಿಲ್ಲ.
- 3 ಹೊರಮಾರ್ಗಗಳಿದ್ದಲ್ಲಿ ಸುಮಾರು 6 ಕರೆಗಳಿಗೆ ದೊರೆಯುವುದಿಲ್ಲ.
- 4 ಹೊರಮಾರ್ಗಗಳಿದ್ದಲ್ಲಿ ಒಂದೆರಡು ಕರೆಗಳಿಗೆ ಮಾತ್ರ ದೊರೆಯುವುದಿಲ್ಲ.

60 ನಿಮಿಷಗಳ ಮಾತಿಗೆ ಒಂದೇ ಮಾರ್ಗ ಸಾಕೆಂಬ ಎಣಿಕೆ ತಪ್ಪು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ; ಕರೆಗಳು ಒಂದರ ಹಿಂದೊಂದು ಸಾಲಾಗಿ ಬರುವುದಿಲ್ಲ. ಅರ್ಜಿ ಸಲ್ಲಿಸುವ ಮುನ್ನ ಒಂದು ವಾರ ಕಾಲ ಕರೆಗಳ ದಾಖಲೆಯನ್ನು ಇಟ್ಟು ಲೆಕ್ಕ ಹಾಕುವುದು ಸೂಕ್ತ. ಹೊಸ ಬೆಳೆ ಮಾರುಕಟ್ಟೆಗೆ ಬರುವ ತಿಂಗಳುಗಳಲ್ಲಿ ಕರೆಗಳು ಹೆಚ್ಚಾಗುವ ದಲಾಲಿ ಅಂಗಡಿಗಳು ಹಾಗೂ ಜಿನ್ನಿಂಗ್ ಕಾರ್ಖಾನೆಗಳು ಆ ತಿಂಗಳುಗಳ ಲೆಕ್ಕವನ್ನೇ ಪರಿಗಣಿಸತಕ್ಕದ್ದು.

5. ಅರ್ಜಿ ಸಲ್ಲಿಸುವ ವಿಧಾನ

(ಅ) ಹೊರಮಾರ್ಗಗಳಿಗಾಗಿ ಸೇವಾದಾತರಿಗೆ ಲಿಖಿತ ಅಥವಾ ಆನ್‌ಲೈನ್ ಅರ್ಜಿ ಸಲ್ಲಿಸುವುದು. ಸಂಸ್ಥೆಯ ನೋಂದಣಿ ಪತ್ರ, ವಿಳಾಸದ ದಾಖಲೆ, ಸಹಿ ಮಾಡುವವರ ಗುರುತಿನ ಚೀಟಿ ಹಾಗೂ ಅಧಿಕಾರ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳುವುದು. ಸಹಕಾರ ಸಂಘಗಳು ಮತ್ತು ಶಿಕ್ಷಣ ಸಂಸ್ಥೆಗಳು ಆಡಳಿತ ಮಂಡಳಿಯ ಠರಾವಿನ ಪ್ರತಿಯನ್ನು ಲಗತ್ತಿಸುವುದು ಒಳ್ಳೆಯದು.

(ಆ) ಸಂಪರ್ಕಗಳನ್ನು ಖಾಸಗಿ ವಿನಿಮಯ ಕೇಂದ್ರಕ್ಕೆ ಜೋಡಿಸಲಾಗುವುದೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು. ಒಂದು ಸಂಖ್ಯೆ ಬಿಡುವಿಲ್ಲದಿದ್ದಾಗ ಕರೆಯು ತಾನಾಗಿ ಮುಂದಿನ ಸಂಖ್ಯೆಗೆ ಹೋಗುವ ಹಂಟಿಂಗ್ ಸೌಲಭ್ಯ ಬೇಕಿದ್ದಲ್ಲಿ ಅದನ್ನೂ ನಮೂದಿಸುವುದು.

(ಇ) ಒಎನ್‌ಟಿಯಲ್ಲಿ ಎಷ್ಟು ದೂರವಾಣಿ ಪೋರ್ಟ್‌ಗಳಿವೆ ಎಂಬುದನ್ನು ಸೇವಾದಾತರಿಂದ ಮೊದಲೇ ತಿಳಿದುಕೊಳ್ಳುವುದು. ಸಾಮಾನ್ಯ ಸಾಧನಗಳಲ್ಲಿ ಒಂದು ಅಥವಾ ಎರಡು ಪೋರ್ಟ್‌ಗಳು ಮಾತ್ರ ಇರುತ್ತವೆ. ಹೆಚ್ಚು ಮಾರ್ಗಗಳು ಬೇಕಾದಲ್ಲಿ, ಒಂದೇ ಫೈಬರ್‌ನಲ್ಲಿ ಅನೇಕ ಕರೆಗಳನ್ನು ಒಯ್ಯುವ ಎಸ್‌ಐಪಿ ಟ್ರಂಕ್ ಸೌಲಭ್ಯದ ಬಗ್ಗೆ ವಿಚಾರಿಸುವುದು. ವಿನಿಮಯ ಕೇಂದ್ರವೂ ಅದಕ್ಕೆ ಹೊಂದುವಂತಿರಬೇಕು.

(ಈ) ಯಂತ್ರವನ್ನು ಕೊಳ್ಳುವಾಗ ಅದು ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರದ ಪ್ರಮಾಣಪತ್ರ ಹೊಂದಿರುವುದನ್ನು ಖಚಿತಪಡಿಸಿಕೊಳ್ಳುವುದು. ಖಾಸಗಿ ವಿನಿಮಯ ಕೇಂದ್ರಗಳು 2019ರ ಅಕ್ಟೋಬರ್ 1ರಿಂದ ಕಡ್ಡಾಯ ಪರೀಕ್ಷೆ ಮತ್ತು ಪ್ರಮಾಣೀಕರಣದ ವ್ಯಾಪ್ತಿಗೆ ಬಂದಿವೆ.

(ಉ) ಶುಲ್ಕ ಹಾಗೂ ಠೇವಣಿಗಳು ಆಯಾ ಸೇವಾದಾತರ ಪ್ರಚಲಿತ ದರಪಟ್ಟಿಯಂತೆ ಇರುತ್ತವೆ. ಪಾವತಿಸಿದ ಪ್ರತಿ ಮೊತ್ತಕ್ಕೂ ರಸೀದಿ ಪಡೆಯತಕ್ಕದ್ದು. ಒಳತಂತಿಯ ಕೆಲಸಕ್ಕೆ ಗುತ್ತಿಗೆದಾರರನ್ನು ಪ್ರತ್ಯೇಕವಾಗಿ ನೇಮಿಸಿಕೊಂಡಲ್ಲಿ, ಈ ಪುಟದ 7ರಿಂದ 11ರವರೆಗಿನ ಅಂಶಗಳನ್ನು ಕರಾರು ಪತ್ರದಲ್ಲಿ ಸೇರಿಸುವುದು ಸೂಕ್ತ.

6. ಸ್ಥಳದ ಆಯ್ಕೆ

ಯಂತ್ರವನ್ನು ಒಣಗಿದ, ಗಾಳಿಯಾಡುವ, ನೇರ ಬಿಸಿಲು ಬೀಳದ ಕೊಠಡಿಯಲ್ಲಿ, ಗೋಡೆಗೆ ಬಿಗಿದು, ಕಣ್ಣಿನ ಮಟ್ಟಕ್ಕೆ ಅಳವಡಿಸತಕ್ಕದ್ದು. ಬೆಣ್ಣೆಹಳ್ಳ ಮತ್ತು ತುಪ್ಪರಿಹಳ್ಳಗಳ ಪ್ರವಾಹಕ್ಕೆ ಒಳಗಾಗುವ ಗ್ರಾಮಗಳಲ್ಲಿ ಯಂತ್ರ, ಎಂಡಿಎಫ್ ಮತ್ತು ಬ್ಯಾಟರಿ ಮೂರನ್ನೂ ಹಿಂದೆ ನೀರು ಏರಿದ್ದ ಗುರುತಿಗಿಂತ ಮೇಲೆ ಇಡಬೇಕು. ಬ್ಯಾಟರಿಯನ್ನು ನೆಲದ ಮೇಲೆ ಇಟ್ಟು ಯಂತ್ರವನ್ನು ಮಾತ್ರ ಎತ್ತರದಲ್ಲಿ ಇಡುವುದರಿಂದ ಪ್ರಯೋಜನವಿಲ್ಲ.

ಜಿನ್ನಿಂಗ್ ಕಾರ್ಖಾನೆಗಳಲ್ಲಿ ಹತ್ತಿಯ ನವಿರಾದ ಎಳೆಗಳು ಯಂತ್ರದ ಗಾಳಿಕಿಂಡಿಗಳನ್ನು ಮುಚ್ಚುತ್ತವೆ. ಆದ್ದರಿಂದ ಯಂತ್ರವನ್ನು ಕಚೇರಿ ಭಾಗದಲ್ಲಿಟ್ಟು, ಕಾರ್ಖಾನೆಯ ಒಳಗೆ ಎಕ್ಸ್‌ಟೆನ್ಷನ್ ತಂತಿಯನ್ನು ಮಾತ್ರ ಒಯ್ಯುವುದು. ಮಣ್ಣಿನ ಮಾಳಿಗೆಯ ಹಳೆಯ ಕಟ್ಟಡಗಳಲ್ಲಿ ಮಾಳಿಗೆಯ ಒಳಗಿನಿಂದ ತಂತಿ ಎಳೆಯಬಾರದು. ಮಳೆಯ ತೇವ, ಇಲಿ ಮತ್ತು ಗೆದ್ದಲು ಮೂರೂ ಅಲ್ಲಿಯೇ ಸೇರುತ್ತವೆ. ಗೋಡೆಯ ಮೇಲ್ಭಾಗದಲ್ಲಿ ಪಿವಿಸಿ ಕೊಳವೆ ಬಿಗಿದು ತಂತಿ ಒಯ್ಯುವುದು ಉತ್ತಮ.

7. ತಂತಿಜೋಡಣೆ

(ಅ) ಒಳತಂತಿಗೆ 0.5 ಮಿ.ಮೀ. ವ್ಯಾಸದ ತಾಮ್ರದ ಹೆಣೆದ ಜೋಡಿತಂತಿಯನ್ನು ಬಳಸುವುದು. ಹೊಸ ಕಟ್ಟಡಗಳಲ್ಲಿ ಕಂಪ್ಯೂಟರ್ ಜಾಲಕ್ಕೆ ಬಳಸುವ ಕ್ಯಾಟ್-6 ಕೇಬಲನ್ನೇ ಹಾಕಿದಲ್ಲಿ ಮುಂದೆ ಐಪಿ ದೂರವಾಣಿಗೆ ಬದಲಾಯಿಸುವಾಗ ಗೋಡೆ ಒಡೆಯಬೇಕಾಗುವುದಿಲ್ಲ. ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ತಂತಿಯು ಅಗ್ಗವಾಗಿ ದೊರೆತರೂ ಅದನ್ನು ಬಳಸತಕ್ಕದ್ದಲ್ಲ; ಅದರ ವಿದ್ಯುತ್ ರೋಧ ಹೆಚ್ಚು, ಬಾಗಿಸಿದರೆ ಬೇಗ ಮುರಿಯುತ್ತದೆ.

(ಆ) ಎಂಡಿಎಫ್‌ನಿಂದ ಪ್ರತಿ ಸಾಕೆಟ್‌ಗೂ ಪ್ರತ್ಯೇಕ ಜೋಡಿ ಇರತಕ್ಕದ್ದು. ಗೋಡೆಯ ಒಳಗೆ, ಕೊಳವೆಯ ಒಳಗೆ ಅಥವಾ ನೆಲದಡಿಯಲ್ಲಿ ಯಾವುದೇ ಜೋಡಣೆ ಇರಕೂಡದು.

(ಇ) ಬಹುಜೋಡಿ ಕೇಬಲ್‌ಗಳಲ್ಲಿ ಬಣ್ಣದ ಕ್ರಮವನ್ನು ಅನುಸರಿಸುವುದು. ಮೊದಲ ತಂತಿಯ ಬಣ್ಣಗಳು ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ. ಅದರ ಜೊತೆಗಾರ ತಂತಿಯ ಬಣ್ಣಗಳು ನೀಲಿ, ಕಿತ್ತಳೆ, ಹಸಿರು, ಕಂದು, ಬೂದು. ಬಿಳಿ-ನೀಲಿ ಒಂದನೆಯ ಜೋಡಿ, ಬಿಳಿ-ಕಿತ್ತಳೆ ಎರಡನೆಯದು, ಕೆಂಪು-ನೀಲಿ ಆರನೆಯದು. ಈ ಕ್ರಮದಲ್ಲಿ 25 ಜೋಡಿಗಳನ್ನು ಗುರುತಿಸಬಹುದು.

(ಈ) ಎಂಡಿಎಫ್‌ನಲ್ಲಿ 10 ಜೋಡಿಗಳ ಕ್ರೋನ್ ಮಾದರಿಯ ಮಾಡ್ಯೂಲ್‌ಗಳನ್ನು ಬಳಸುವುದು. ಇವುಗಳಲ್ಲಿ ತಂತಿಯ ಹೊದಿಕೆಯನ್ನು ಸುಲಿಯುವ ಅಗತ್ಯವಿಲ್ಲ. ಅದಕ್ಕೆಂದೇ ಇರುವ ಉಪಕರಣದಿಂದ ಒತ್ತಿದಾಗ ಹೊದಿಕೆ ಸೀಳಿ ಸಂಪರ್ಕ ಏರ್ಪಡುತ್ತದೆ. ಸ್ಕ್ರೂಡ್ರೈವರ್‌ನಿಂದ ಒತ್ತಿದಲ್ಲಿ ಹಿಡಿತ ಸಡಿಲವಾಗಿ ಮುಂದೆ ಕರಕರ ಶಬ್ದ ಬರುತ್ತದೆ. ಹೊರಮಾರ್ಗಗಳಿಗೂ ಎಕ್ಸ್‌ಟೆನ್ಷನ್‌ಗಳಿಗೂ ಬೇರೆ ಬೇರೆ ಮಾಡ್ಯೂಲ್‌ಗಳಿರಬೇಕು.

(ಉ) ಈಗಿನ ಅಗತ್ಯಕ್ಕಿಂತ ಕಾಲುಭಾಗದಷ್ಟು ಹೆಚ್ಚು ಜೋಡಿಗಳನ್ನು ಬಿಡಿಯಾಗಿ ಉಳಿಸಿಕೊಳ್ಳುವುದು.

(ಊ) 230 ವೋಲ್ಟ್ ವಿದ್ಯುತ್ ತಂತಿ ಮತ್ತು ದೂರವಾಣಿ ತಂತಿಗಳನ್ನು ಒಂದೇ ಕೊಳವೆಯಲ್ಲಿ ಹಾಕಕೂಡದು. ಎರಡರ ನಡುವೆ ಸುಮಾರು ಒಂದು ಅಡಿ ಅಂತರವಿರಲಿ. ದಾಟಲೇಬೇಕಾದಲ್ಲಿ ಒಂದಕ್ಕೊಂದು ಲಂಬವಾಗಿ ದಾಟಿಸುವುದು. ಇದು ಶಬ್ದದ ಪ್ರಶ್ನೆ ಮಾತ್ರವಲ್ಲ, ಪ್ರಾಣರಕ್ಷಣೆಯ ಪ್ರಶ್ನೆಯೂ ಆಗಿದೆ.

(ಋ) ಎರಡು ಕಟ್ಟಡಗಳ ನಡುವೆ ನೆಲದಡಿಯಲ್ಲಿ ಕೇಬಲ್ ಹಾಕುವಾಗ ಮಣ್ಣಿನ ಗುಣವನ್ನು ಗಮನಿಸುವುದು. ನವಲಗುಂದ, ಅಣ್ಣಿಗೇರಿ ಮತ್ತು ಕುಂದಗೋಳ ಭಾಗದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮಣ್ಣಿನ ಈ ಚಲನೆಯಿಂದ ಬಿಗಿಯಾಗಿ ಎಳೆದ ಕೇಬಲ್ ಹರಿಯಬಹುದು. ಆದ್ದರಿಂದ ಕೇಬಲನ್ನು ಎಚ್‌ಡಿಪಿಇ ಕೊಳವೆಯಲ್ಲಿ, ಮರಳಿನ ಹಾಸಿನ ಮೇಲೆ, ಮುಕ್ಕಾಲು ಮೀಟರ್‌ಗಿಂತ ಕಡಿಮೆಯಿಲ್ಲದ ಆಳದಲ್ಲಿ ಹಾಕಿ, ಎರಡೂ ತುದಿಗಳಲ್ಲಿ ಒಂದು ಸುತ್ತಿನಷ್ಟು ಹೆಚ್ಚುವರಿ ಉದ್ದವನ್ನು ಬಿಡತಕ್ಕದ್ದು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿ ಭಾಗದಲ್ಲಿ ಮಣ್ಣಿನ ಚಲನೆಗಿಂತ ಮಳೆಯ ತೇವ, ಗೆದ್ದಲು ಮತ್ತು ಮರದ ಕೊಂಬೆಗಳಿಂದ ಆಗುವ ಹಾನಿ ಹೆಚ್ಚು. ಅಲ್ಲಿ ಮರಗಳ ನಡುವೆ ಮೇಲಿನಿಂದ ತಂತಿ ಎಳೆಯುವುದನ್ನು ತಪ್ಪಿಸುವುದು.

8. ಭೂಸಂಪರ್ಕ ಮತ್ತು ಸಿಡಿಲಿನಿಂದ ರಕ್ಷಣೆ

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಅಶ್ವಿನಿ ಮತ್ತು ಭರಣಿ ಮಳೆಗಳ ಕಾಲಕ್ಕೆ, ಈ ಭಾಗದಲ್ಲಿ ಗುಡುಗು ಸಿಡಿಲುಗಳು ಹೆಚ್ಚು. ಅದೇ ಕಾಲದಲ್ಲಿ ನೆಲವು ಅತ್ಯಂತ ಒಣಗಿರುತ್ತದೆ. ಹಸಿಯಾದ ಎರೆಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಒಣಗಿದಾಗ ಅದು ಕುಗ್ಗಿ ಭೂಸಂಪರ್ಕದ ಕೊಳವೆಯಿಂದ ದೂರ ಸರಿಯುತ್ತದೆ. ಅಂದರೆ ಭೂಸಂಪರ್ಕದ ಅಗತ್ಯ ಅತ್ಯಂತ ಹೆಚ್ಚಿರುವ ದಿನವೇ ಅದು ಅತ್ಯಂತ ದುರ್ಬಲವಾಗಿರುತ್ತದೆ. ಮಳೆಗಾಲದಲ್ಲಿ ಅಳೆದು ಸರಿಯಿದೆಯೆಂದು ಬರೆದುಕೊಟ್ಟ ವರದಿಯನ್ನು ಮಾತ್ರ ನಂಬಿ ಕೂಡುವುದು ಈ ಕಾರಣದಿಂದ ಸರಿಯಲ್ಲ.

(ಅ) ಭೂಸಂಪರ್ಕವು ಭಾರತೀಯ ಮಾನಕ ಐಎಸ್ 3043ರಂತೆ ಇರತಕ್ಕದ್ದು. ಕೊಳವೆಯು 2.5 ಮೀಟರ್‌ಗಿಂತ ಕಡಿಮೆ ಉದ್ದವಿರಬಾರದು. ಅದರ ಕೆಳತುದಿಯು ಬೇಸಿಗೆಯಲ್ಲಿಯೂ ತೇವ ಉಳಿಯುವ ಪದರವನ್ನು ತಲುಪಬೇಕು.

(ಆ) ರೋಧವು ಯಂತ್ರದ ತಯಾರಕರು ಸೂಚಿಸಿದ ಮಿತಿಯೊಳಗೆ ಇರಬೇಕು. ಮಿತಿಯನ್ನು ಸೂಚಿಸಿರದಿದ್ದಲ್ಲಿ 5 ಓಮ್‌ಗಿಂತ ಕಡಿಮೆ ಇರುವಂತೆ ನೋಡಿಕೊಳ್ಳುವುದು. ಅಳತೆಯನ್ನು ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯಲ್ಲಿ ಅಥವಾ ಏಪ್ರಿಲ್ ಆರಂಭದಲ್ಲಿ, ಮೊದಲ ಮಳೆ ಬೀಳುವ ಮುನ್ನ ಮಾಡಿಸುವುದು. ಬೇಸಿಗೆಯಲ್ಲಿ ಭೂಸಂಪರ್ಕದ ಗುಂಡಿಗೆ ನಿಯಮಿತವಾಗಿ ನೀರು ಹಾಕುವುದು.

(ಇ) ದೂರವಾಣಿ ವ್ಯವಸ್ಥೆಯ ಭೂಸಂಪರ್ಕವನ್ನು ಕಟ್ಟಡದ ಮುಖ್ಯ ವಿದ್ಯುತ್ ಭೂಸಂಪರ್ಕದೊಂದಿಗೆ ದಪ್ಪ ತಾಮ್ರದ ತಂತಿಯಿಂದ ಜೋಡಿಸತಕ್ಕದ್ದು. ಎರಡನ್ನೂ ಬೇರೆ ಬೇರೆಯಾಗಿ ಬಿಟ್ಟಲ್ಲಿ, ಸಿಡಿಲು ಹತ್ತಿರದಲ್ಲಿ ಬಿದ್ದಾಗ ಎರಡರ ನಡುವೆ ಉಂಟಾಗುವ ವೋಲ್ಟೇಜು ಯಂತ್ರದ ಮೂಲಕವೇ ಹಾಯುತ್ತದೆ.

(ಈ) ಕಟ್ಟಡದ ಹೊರಗಿನಿಂದ ಬರುವ ಪ್ರತಿ ಲೋಹದ ಜೋಡಿಗೂ ಎಂಡಿಎಫ್‌ನಲ್ಲಿ ಜಿಡಿಟಿ ರಕ್ಷಕವನ್ನು ಅಳವಡಿಸಿ, ಎಂಡಿಎಫ್‌ನ ಭೂಸಂಪರ್ಕದ ಪಟ್ಟಿಗೆ ಸೇರಿಸುವುದು. ಭೂಸಂಪರ್ಕವಿಲ್ಲದ ಎಂಡಿಎಫ್‌ನಲ್ಲಿ ರಕ್ಷಕಗಳಿದ್ದೂ ಇಲ್ಲದಂತೆ. ಯಂತ್ರಕ್ಕೆ ವಿದ್ಯುತ್ ಕೊಡುವ ಮಾರ್ಗಕ್ಕೂ ಪ್ರತ್ಯೇಕ ಸರ್ಜ್ ರಕ್ಷಕ ಬೇಕು.

(ಉ) ಎರಡು ಕಟ್ಟಡಗಳ ನಡುವೆ ಲೋಹದ ಭಾಗಗಳಿಲ್ಲದ ಫೈಬರ್ ಹಾಕುವುದು ಸಾಧ್ಯವಿದ್ದಲ್ಲಿ ಅದೇ ಅತ್ಯುತ್ತಮ. ಗಾಜಿನ ಎಳೆಯು ಸಿಡಿಲಿನ ವಿದ್ಯುತ್ತನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಒಯ್ಯುವುದಿಲ್ಲ.

9. ವಿದ್ಯುತ್ ಪೂರೈಕೆ ಮತ್ತು ಬ್ಯಾಟರಿ

ವಿನಿಮಯ ಕೇಂದ್ರ ಮತ್ತು ಒಎನ್‌ಟಿ ಎರಡನ್ನೂ ಒಂದೇ ಬ್ಯಾಟರಿ ವ್ಯವಸ್ಥೆಗೆ ಜೋಡಿಸುವುದು ಕಡ್ಡಾಯವೆಂದು ತಿಳಿಯುವುದು. ವಿನಿಮಯ ಕೇಂದ್ರಕ್ಕೆ ಮಾತ್ರ ಬ್ಯಾಟರಿ ಕೊಟ್ಟು ಒಎನ್‌ಟಿಯನ್ನು ಸಾಮಾನ್ಯ ಪ್ಲಗ್‌ಗೆ ಹಾಕಿದಲ್ಲಿ, ವಿದ್ಯುತ್ ಹೋದಾಗ ಕೊಠಡಿಯಿಂದ ಕೊಠಡಿಗೆ ಮಾತನಾಡಬಹುದೇ ಹೊರತು ಹೊರಗೆ ಕರೆ ಹೋಗುವುದಿಲ್ಲ.

ಲೆಕ್ಕದ ಉದಾಹರಣೆ: ವಿನಿಮಯ ಕೇಂದ್ರಕ್ಕೆ 30 ವಾಟ್, ಒಎನ್‌ಟಿಗೆ 12 ವಾಟ್, ಒಟ್ಟು 42 ವಾಟ್ ಎಂದು ಇಟ್ಟುಕೊಳ್ಳಿ. 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,200 ವಾಟ್-ಗಂಟೆಗಳಿರುತ್ತವೆ. ಸೀಸ-ಆಮ್ಲ ಬ್ಯಾಟರಿಯ ಬಾಳಿಕೆಗಾಗಿ ಅರ್ಧವನ್ನು ಮಾತ್ರ ಬಳಸಿ, ಇನ್ವರ್ಟರ್‌ನಲ್ಲಿ ಐದನೆಯ ಒಂದು ಭಾಗ ನಷ್ಟವಾಗುವುದೆಂದು ಕಳೆದಲ್ಲಿ 480 ವಾಟ್-ಗಂಟೆಗಳು ಉಳಿಯುತ್ತವೆ. ಇದು ಸುಮಾರು 11 ಗಂಟೆಗಳ ಕಾಲ ಸಾಕಾಗುತ್ತದೆ. ಅದೇ ಇನ್ವರ್ಟರ್‌ಗೆ ಫ್ಯಾನು, ಕಂಪ್ಯೂಟರು ಸೇರಿಸಿದಲ್ಲಿ ಈ ಅವಧಿಯು ಒಂದೆರಡು ಗಂಟೆಗೆ ಇಳಿಯಬಹುದು. ಆದ್ದರಿಂದ ದೂರವಾಣಿಗೆ ಪ್ರತ್ಯೇಕ ಬ್ಯಾಟರಿ ಇರುವುದು ಸೂಕ್ತ.

ಬಹುತೇಕ ಯಂತ್ರಗಳಲ್ಲಿ ವಿದ್ಯುತ್ ವೈಫಲ್ಯದ ವರ್ಗಾವಣೆ ಎಂಬ ಸೌಲಭ್ಯವಿದೆ. ಯಂತ್ರವು ನಿಂತಾಗ ಒಂದು ಹೊರಮಾರ್ಗವು ನೇರವಾಗಿ ನಿಗದಿತ ಎಕ್ಸ್‌ಟೆನ್ಷನ್‌ಗೆ ಸೇರುತ್ತದೆ. ಆ ಎಕ್ಸ್‌ಟೆನ್ಷನ್ ಬೀಗ ಹಾಕಿದ ಅಧ್ಯಕ್ಷರ ಕೊಠಡಿಯಲ್ಲಿರದೆ, ರಾತ್ರಿ ಪಾಳಿಯವರು ಅಥವಾ ಕಾವಲುಗಾರರು ಇರುವ ಸ್ಥಳದಲ್ಲಿರಬೇಕು. ಫೈಬರ್ ಸಂಪರ್ಕದಲ್ಲಿ ಈ ಸೌಲಭ್ಯವು ಒಎನ್‌ಟಿಗೆ ವಿದ್ಯುತ್ ಇರುವವರೆಗೆ ಮಾತ್ರ ಉಪಯುಕ್ತ ಎಂಬುದನ್ನು ಗಮನಿಸುವುದು.

10. ಸಂಖ್ಯಾ ಯೋಜನೆ ಮತ್ತು ತುರ್ತು ಕರೆಗಳು

(ಅ) ಎಕ್ಸ್‌ಟೆನ್ಷನ್ ಸಂಖ್ಯೆಗಳು 0 ಅಥವಾ 1ರಿಂದ ಆರಂಭವಾಗಕೂಡದು. ಎಕ್ಸ್‌ಟೆನ್ಷನ್ ಸಂಖ್ಯೆಗಳು 101, 108, 112 ಎಂದಿದ್ದಲ್ಲಿ, ತುರ್ತು ಸಮಯದಲ್ಲಿ ಒತ್ತಿದ ಸಂಖ್ಯೆಯು ಪಕ್ಕದ ಕೊಠಡಿಯಲ್ಲಿ ಗಂಟೆ ಬಾರಿಸುತ್ತದೆ. 201ರಿಂದ ಆರಂಭಿಸುವುದು ಸೂಕ್ತ.

(ಆ) ತುರ್ತು ಸಹಾಯ 112, ಆಂಬ್ಯುಲೆನ್ಸ್ 108 ಮತ್ತು ಅಗ್ನಿಶಾಮಕ 101 ಸಂಖ್ಯೆಗಳು ಪ್ರತಿಯೊಂದು ಎಕ್ಸ್‌ಟೆನ್ಷನ್‌ನಿಂದಲೂ, ಹೊರಮಾರ್ಗದ ಸಂಕೇತವಾದ 0 ಒತ್ತಿದರೂ ಒತ್ತದಿದ್ದರೂ ಹೋಗುವಂತೆ ಯಂತ್ರದಲ್ಲಿ ನಿಗದಿಪಡಿಸತಕ್ಕದ್ದು. ಹೆಸ್ಕಾಂ ದೂರು ಸಂಖ್ಯೆ 1912ನ್ನೂ ಸೇರಿಸಿಕೊಳ್ಳಬಹುದು. ಕರೆ ಸ್ವೀಕರಿಸುವವರಿಗೆ ಕಚೇರಿಯ ಸಂಖ್ಯೆ ಕಾಣಬಹುದೇ ಹೊರತು ಯಾವ ಕಟ್ಟಡ, ಯಾವ ಕೊಠಡಿ ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ದೂರವಾಣಿಯ ಮೇಲೆ ಗ್ರಾಮ, ಕಟ್ಟಡ ಮತ್ತು ಕೊಠಡಿಯ ಹೆಸರನ್ನು ಬರೆದು ಅಂಟಿಸುವುದು.

(ಇ) 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡುವಾಗ ಸಂಖ್ಯೆಯ ಮೊದಲಿಗೆ 0 ಸೇರಿಸುವುದು ಕಡ್ಡಾಯವಾಗಿದೆ. ಇಪಿಎಬಿಎಕ್ಸ್ ಮೂಲಕ ಕರೆ ಮಾಡುವವರು ಮೊದಲು ಹೊರಮಾರ್ಗಕ್ಕಾಗಿ ಒಂದು 0, ಬಳಿಕ ಮೊಬೈಲ್ ಸಂಖ್ಯೆಗಾಗಿ ಇನ್ನೊಂದು 0 ಒತ್ತಬೇಕು. ಹಳೆಯ ಯಂತ್ರಗಳಲ್ಲಿ ಎಸ್‌ಟಿಡಿ ತಡೆಗಾಗಿ 0ಯಿಂದ ಆರಂಭವಾಗುವ ಎಲ್ಲ ಸಂಖ್ಯೆಗಳನ್ನೂ ನಿರ್ಬಂಧಿಸುವ ಪದ್ಧತಿಯಿತ್ತು. ಆ ನಿರ್ಬಂಧ ಹಾಗೆಯೇ ಉಳಿದಿದ್ದಲ್ಲಿ ಯಾವ ಮೊಬೈಲ್‌ಗೂ ಕರೆ ಹೋಗುವುದಿಲ್ಲ. ಎಸ್‌ಟಿಡಿ ಕೋಡ್‌ಗಳೂ ಮೊಬೈಲ್ ಸಂಖ್ಯೆಗಳೂ 6, 7, 8 ಅಂಕಿಗಳಿಂದ ಆರಂಭವಾಗುವುದರಿಂದ ಮೊದಲ ಅಂಕಿಯನ್ನು ನೋಡಿ ಇವೆರಡನ್ನೂ ಬೇರ್ಪಡಿಸಲಾಗದು. ಆದ್ದರಿಂದ ಅಂತರರಾಷ್ಟ್ರೀಯ ಕರೆಗಳ ಸಂಕೇತವಾದ 00 ಒಂದನ್ನು ಮಾತ್ರ ನಿರ್ಬಂಧಿಸುವುದು ಸಾಮಾನ್ಯ ಕಚೇರಿಗಳಿಗೆ ಸಾಕು.

(ಈ) ಹುಬ್ಬಳ್ಳಿ-ಧಾರವಾಡದ ಕೋಡ್ 0836, ನವಲಗುಂದದ್ದು 08380, ಕುಂದಗೋಳದ್ದು 08304 ಹಾಗೂ ಕಲಘಟಗಿಯದು 08370. ಸಂಕ್ಷಿಪ್ತ ಡಯಲಿಂಗ್ ಪಟ್ಟಿಯಲ್ಲಿ ಸಂಖ್ಯೆಗಳನ್ನು ಯಾವಾಗಲೂ ಕೋಡ್ ಸಹಿತ ಪೂರ್ಣವಾಗಿ ದಾಖಲಿಸುವುದು.

11. ಪರೀಕ್ಷೆ ಮತ್ತು ಸ್ವೀಕಾರ

ಗುತ್ತಿಗೆದಾರರ ಅಂತಿಮ ಬಿಲ್ಲನ್ನು ಪಾವತಿಸುವ ಮುನ್ನ ಈ ಕೆಳಕಂಡ ಪರೀಕ್ಷೆಗಳನ್ನು ಕಚೇರಿಯ ಪ್ರತಿನಿಧಿಯ ಎದುರಿನಲ್ಲಿ ಮಾಡಿಸತಕ್ಕದ್ದು:

(1) ಪ್ರತಿ ಜೋಡಿಯ ದೂರದ ತುದಿಯನ್ನು ಕೂಡಿಸಿ ರೋಧ ಅಳೆಯುವುದು. 0.5 ಮಿ.ಮೀ. ತಾಮ್ರದ ಜೋಡಿಗೆ ಒಂದು ಕಿಲೋಮೀಟರಿಗೆ ಸುಮಾರು 175 ಓಮ್, ಅಂದರೆ 200 ಮೀಟರಿಗೆ ಸುಮಾರು 35 ಓಮ್ ಇರಬೇಕು. ಇದಕ್ಕಿಂತ ಬಹಳ ಹೆಚ್ಚಿದ್ದಲ್ಲಿ ಸಡಿಲ ಜೋಡಣೆ ಅಥವಾ ಕಳಪೆ ತಂತಿಯೆಂದು ತಿಳಿಯುವುದು.

(2) ಯಂತ್ರ, ದೂರವಾಣಿ ಮತ್ತು ಜಿಡಿಟಿಗಳನ್ನು ಬೇರ್ಪಡಿಸಿದ ಬಳಿಕ ಮಾತ್ರ ಮೆಗ್ಗರ್‌ನಿಂದ ಹೊದಿಕೆಯ ರೋಧ ಪರೀಕ್ಷಿಸುವುದು.

(3) ಮುಖ್ಯ ಸ್ವಿಚ್ಚನ್ನು ಆರಿಸಿ, ಬ್ಯಾಟರಿಯ ಮೇಲೆ ಒಳಬರುವ ಮತ್ತು ಹೊರಹೋಗುವ ತಲಾ ಒಂದು ಕರೆ ಮಾಡಿ ನೋಡುವುದು. ಎಷ್ಟು ಗಂಟೆ ನಡೆಯಿತೆಂಬುದನ್ನು ಒಮ್ಮೆ ಪೂರ್ಣವಾಗಿ ಪರೀಕ್ಷಿಸುವುದು.

(4) ಹೊರಗಿನಿಂದ ಕರೆ ಮಾಡಿದವರು ಮೊದಲು ಫೋನ್ ಇಟ್ಟಾಗ ಯಂತ್ರವು ಹೊರಮಾರ್ಗವನ್ನು ಬಿಡುಗಡೆ ಮಾಡುತ್ತದೆಯೇ ಎಂದು ನೋಡುವುದು. ಒಎನ್‌ಟಿಯು ನೀಡುವ ಕರೆ ಮುಕ್ತಾಯದ ಸಂಕೇತವನ್ನು ಯಂತ್ರವು ಗುರುತಿಸದಿದ್ದಲ್ಲಿ ಮಾರ್ಗವು ಗಂಟೆಗಟ್ಟಲೆ ಬಿಡುವಿಲ್ಲದಂತೆ ತೋರುತ್ತದೆ.

(5) ಪ್ರತಿ ಎಕ್ಸ್‌ಟೆನ್ಷನ್‌ನಿಂದ ಒಂದು ಮೊಬೈಲ್ ಸಂಖ್ಯೆಗೆ ಕರೆ ಮಾಡುವುದು. ತುರ್ತು ಸಂಖ್ಯೆಗಳ ಮಾರ್ಗವನ್ನು ಯಂತ್ರದ ಪ್ರೋಗ್ರಾಂ ಪಟ್ಟಿಯಲ್ಲಿ ಓದಿ ಖಚಿತಪಡಿಸಿಕೊಳ್ಳುವುದು. ಅನಾವಶ್ಯಕವಾಗಿ ಪದೇ ಪದೇ ಪರೀಕ್ಷಾ ಕರೆಗಳನ್ನು ಮಾಡಬಾರದು.

(6) ಯಾವ ಜೋಡಿ ಯಾವ ಕೊಠಡಿಗೆ ಹೋಗುತ್ತದೆ ಎಂಬ ತಂತಿ ದಾಖಲೆ ಪುಸ್ತಕ, ನಕ್ಷೆ, ಪ್ರೋಗ್ರಾಂ ಪಟ್ಟಿ ಮತ್ತು ಗುಪ್ತಸಂಕೇತಗಳನ್ನು ಲಿಖಿತವಾಗಿ ಪಡೆಯುವುದು. ಈ ಪುಸ್ತಕವಿಲ್ಲದ ಕಚೇರಿಯಲ್ಲಿ, ತಂತಿ ಹಾಕಿದ ವ್ಯಕ್ತಿ ಊರು ಬಿಟ್ಟ ದಿನದಿಂದ ಪ್ರತಿ ದುರಸ್ತಿಯೂ ಹೊಸದಾಗಿ ಹುಡುಕುವ ಕೆಲಸವಾಗುತ್ತದೆ.

12. ಕಾನೂನು ಮತ್ತು ಸುರಕ್ಷತೆ

(ಅ) ಸಾರ್ವಜನಿಕ ರಸ್ತೆಯನ್ನು ದಾಟಿಸಿ ಅಥವಾ ವಿದ್ಯುತ್ ಕಂಬಗಳನ್ನು ಬಳಸಿ ಖಾಸಗಿ ತಂತಿ ಎಳೆಯತಕ್ಕದ್ದಲ್ಲ. ಬೇರೆ ಆವರಣದ ಶಾಖೆಗೆ ಸಂಪರ್ಕ ಬೇಕಿದ್ದಲ್ಲಿ ಸೇವಾದಾತರ ಮೂಲಕವೇ ಪಡೆಯುವುದು.

(ಆ) ಅಂತರಜಾಲದ ಮೂಲಕ ಬರುವ ಹೊರಗಿನವರ ಕರೆಗಳನ್ನು ಸ್ಥಳೀಯ ಕರೆಗಳಾಗಿ ಪರಿವರ್ತಿಸಿ ಕೊಡುವುದು ಅಕ್ರಮ ದೂರವಾಣಿ ಕೇಂದ್ರ ನಡೆಸಿದಂತೆ ಆಗುತ್ತದೆ. ಅಧಿಕಾರ ಪತ್ರವಿಲ್ಲದೆ ದೂರಸಂಪರ್ಕ ಸೇವೆ ನೀಡುವವರಿಗೆ ದೂರಸಂಪರ್ಕ ಅಧಿನಿಯಮ, 2023ರ ಪ್ರಕಾರ 3 ವರ್ಷಗಳವರೆಗೆ ಕಾರಾಗೃಹ ವಾಸ ಅಥವಾ 2 ಕೋಟಿ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಹೆಚ್ಚು ಬಾಡಿಗೆಯ ಆಸೆ ತೋರಿಸಿ ಕೊಠಡಿಯಲ್ಲಿ ಅಥವಾ ಮಾಳಿಗೆಯ ಮೇಲೆ ಇಂತಹ ಯಂತ್ರ ಇಡಲು ಕೇಳುವವರ ಬಗ್ಗೆ ಎಚ್ಚರ ವಹಿಸುವುದು.

(ಇ) ತಯಾರಕರು ಕೊಟ್ಟ ಮೂಲ ಗುಪ್ತಸಂಕೇತವನ್ನು ಮೊದಲ ದಿನವೇ ಬದಲಾಯಿಸುವುದು. ಹೊರಗಿನಿಂದ ಕರೆ ಮಾಡಿ ಕಚೇರಿಯ ಮಾರ್ಗದಿಂದ ಮತ್ತೆ ಹೊರಗೆ ಕರೆ ಮಾಡಬಹುದಾದ ಡಿಸಾ ಸೌಲಭ್ಯವನ್ನು ಅಗತ್ಯವಿಲ್ಲದಿದ್ದಲ್ಲಿ ಮುಚ್ಚಿಡುವುದು. ರಾತ್ರಿ ವೇಳೆ ವಂಚಕರು ಇದೇ ದಾರಿಯಿಂದ ವಿದೇಶಿ ಕರೆಗಳನ್ನು ಮಾಡುತ್ತಾರೆ. ಬಿಲ್ಲು ಚಂದಾದಾರರ ಹೆಸರಿಗೆ ಬರುತ್ತದೆ.

13. ದೂರುಗಳು

ದೂರು ನೀಡುವ ಮುನ್ನ ಒಂದು ಸಾಮಾನ್ಯ ದೂರವಾಣಿಯನ್ನು ನೇರವಾಗಿ ಒಎನ್‌ಟಿಯ ಪೋರ್ಟ್‌ಗೆ ಜೋಡಿಸಿ ನೋಡುವುದು. ಅಲ್ಲಿ ಸ್ವರವಿದ್ದಲ್ಲಿ ದೋಷವು ಕಚೇರಿಯ ಒಳಗಿದೆ. ಅಲ್ಲಿ ವಿದ್ಯುತ್ ಇದ್ದೂ ಸ್ವರವಿಲ್ಲದಿದ್ದಲ್ಲಿ ಸೇವಾದಾತರಿಗೆ ದೂರು ನೀಡಿ ದೂರು ಸಂಖ್ಯೆಯನ್ನು ಪಡೆಯುವುದು. ನಿಗದಿತ ಅವಧಿಯಲ್ಲಿ ಪರಿಹಾರ ದೊರೆಯದಿದ್ದಲ್ಲಿ ಅದೇ ಸೇವಾದಾತರ ಮೇಲ್ಮನವಿ ಪ್ರಾಧಿಕಾರಕ್ಕೆ ದೂರು ಸಂಖ್ಯೆಯೊಂದಿಗೆ ಮನವಿ ಸಲ್ಲಿಸಬಹುದು. ದೂರಸಂಪರ್ಕ ಇಲಾಖೆಗೆ ಸಂಬಂಧಿಸಿದ ಕುಂದುಕೊರತೆಗಳನ್ನು ಕೇಂದ್ರ ಸರ್ಕಾರದ ಪಿ.ಜಿ. ಪೋರ್ಟಲ್‌ನಲ್ಲಿಯೂ ದಾಖಲಿಸಲು ಅವಕಾಶವಿದೆ.

14. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಳೆಯ ತಾಮ್ರದ ಮಾರ್ಗಕ್ಕೆ ಜೋಡಿಸಿದ್ದ ಇಪಿಎಬಿಎಕ್ಸ್ ಅನ್ನು ಫೈಬರ್ ಬಂದ ಬಳಿಕವೂ ಬಳಸಬಹುದೇ?
ಉತ್ತರ: ಬಳಸಬಹುದು. ಒಎನ್‌ಟಿಯ ದೂರವಾಣಿ ಪೋರ್ಟನ್ನು ಯಂತ್ರದ ಹೊರಮಾರ್ಗದ ಪೋರ್ಟ್‌ಗೆ ಜೋಡಿಸಬೇಕು. 10(ಇ)ಯಲ್ಲಿನ ನಿರ್ಬಂಧವನ್ನು ತೆಗೆಸಿ, 11(4)ರ ಪರೀಕ್ಷೆಯನ್ನು ಮಾಡಿಸುವುದು.

ಪ್ರಶ್ನೆ: ಅಣ್ಣಿಗೇರಿ ಪ್ರತ್ಯೇಕ ತಾಲ್ಲೂಕಾದ ಮೇಲೆ ಎಸ್‌ಟಿಡಿ ಕೋಡ್ ಬದಲಾಗಿದೆಯೇ?
ಉತ್ತರ: ತಾಲ್ಲೂಕು ಗಡಿ ಮತ್ತು ದೂರವಾಣಿ ಕೋಡ್‌ನ ಗಡಿ ಬೇರೆ ಬೇರೆ. ಹೊಸ ತಾಲ್ಲೂಕು ರಚನೆಯಾದ ಮಾತ್ರಕ್ಕೆ ಕೋಡ್ ಬದಲಾಗುವುದಿಲ್ಲ. ಅಣ್ಣಿಗೇರಿಯವರು ನವಲಗುಂದದ ಕೋಡ್ ಆದ 08380 ಬಳಸುವುದು.

ಪ್ರಶ್ನೆ: ಎಲ್ಲರ ಬಳಿ ಮೊಬೈಲ್ ಇರುವಾಗ ಈ ವ್ಯವಸ್ಥೆಯ ಅಗತ್ಯವೇನು?
ಉತ್ತರ: ಸಿಬ್ಬಂದಿ ಬದಲಾದರೂ ಕಚೇರಿಯ ಸಂಖ್ಯೆ ಬದಲಾಗುವುದಿಲ್ಲ. ರೈತರಿಗೆ, ಪಾಲಕರಿಗೆ, ರೋಗಿಗಳ ಕಡೆಯವರಿಗೆ ಒಂದೇ ಸಂಖ್ಯೆಯಿಂದ ಸಂಬಂಧಪಟ್ಟವರು ದೊರೆಯುತ್ತಾರೆ. ಆದರೆ ಆ ಸಂಖ್ಯೆಯು ವಿದ್ಯುತ್ ಇಲ್ಲದ ಹೊತ್ತಿನಲ್ಲಿಯೂ ಉತ್ತರಿಸುವಂತಿರಬೇಕು.

ಪ್ರಶ್ನೆ: ಖರ್ಚು ಕಡಿಮೆ ಮಾಡಬೇಕಾದಲ್ಲಿ ಯಾವುದನ್ನು ಬಿಡಬಹುದು?
ಉತ್ತರ: ಸಂಗೀತ, ಧ್ವನಿಮುದ್ರಣ, ಅಲಂಕಾರಿಕ ದೂರವಾಣಿಗಳು ಮುಂತಾದವನ್ನು ಮುಂದಕ್ಕೆ ಹಾಕಬಹುದು. ಭೂಸಂಪರ್ಕ, ಜಿಡಿಟಿ, ಬ್ಯಾಟರಿ ಹಾಗೂ ತಂತಿ ದಾಖಲೆ ಪುಸ್ತಕ ಇವುಗಳಲ್ಲಿ ಯಾವುದನ್ನೂ ಬಿಡತಕ್ಕದ್ದಲ್ಲ.